ಮಾತಾಡದ ವಾಚು

ಬೆಟಗೇರಿ
8 ಸೆಪ್ಟೆಂಬರ್ 2024

ಭೀಮೇಶಣ್ಣಾ,

ನಾನೊಂದು ವಾಚು ಕೊಳ್ಳುತ್ತೇನೆ. ಕೊಳ್ಳಲೋ ಬೇಡವೋ ಎಂದು ಕೇಳಲು ಈ ಪತ್ರ ಬರೆಯುತ್ತಿಲ್ಲ, ಯಾವುದನ್ನು ಕೊಳ್ಳಲಿ ಎಂದು ಕೇಳಲು ಬರೆಯುತ್ತಿದ್ದೇನೆ.

ಫೋನಿದ್ದೂ ಇದೇನು ಬ್ರೈಲ್ ಪತ್ರ ಎನ್ನಬೇಡ. ನಿನ್ನ ಮೆಸೇಜು ಬಂದರೆ ಫೋನು ಅದನ್ನು ಓಣಿಗೆಲ್ಲ ಕೇಳುವಂತೆ ಓದುತ್ತದೆ. ಕಿವಿಗೆ ವೈರು ಸಿಕ್ಕಿಸಿಕೊಂಡರೆ ಹಿಂದೆ ಯಾರು ಬಂದು ನಿಂತರು, ಒಲೆಯ ಮೇಲೆ ಹಾಲು ಉಕ್ಕಿತೋ ಇಲ್ಲವೋ ಒಂದೂ ತಿಳಿಯುವುದಿಲ್ಲ. ಮಾತಾಡೋಣವೆಂದರೆ ನಾವಿಬ್ಬರೂ ಜಗಳಕ್ಕೆ ಬೀಳುತ್ತೇವೆ, ನೀನು ನಡುವೆಯೇ ಕಟ್ ಮಾಡುತ್ತೀ. ಪತ್ರವನ್ನು ಹಾಗೆ ಕಟ್ ಮಾಡಲಾರೆ. ಮೇಲಾಗಿ ನಮ್ಮ ಮನೆಯಲ್ಲಿ ಕಣ್ಣಿದ್ದವರು ಯಾರಿಗೂ ಈ ಚುಕ್ಕಿ ಓದಲು ಬರುವುದಿಲ್ಲ. ಕುರುಡಿಯ ಗುಟ್ಟು ಕುರುಡಿಯ ಹತ್ತಿರವೇ ಉಳಿಯುವ ಜಾಗ ಇದೊಂದೇ.

ಶಾಲೆಯಲ್ಲಿ ಹುಡುಗಿಯರಿಗೆ ಹಾಡು ಕಲಿಸುವಾಗ ಹೊತ್ತೆಷ್ಟೆಂದು ತಿಳಿಯಬೇಕಾದರೆ ಫೋನು ಒತ್ತಬೇಕು. ಅದು ಇಂಗ್ಲಿಷಿನಲ್ಲಿ ಒದರುತ್ತದೆ, ಭೂಪಾಲಿ ರಾಗದ ನಡುವೆ ಯಾರೋ ಮೇಮಸಾಬ ಬಂದು ನಿಂತ ಹಾಗೆ. ಐದನೆಯ ತರಗತಿಯವರು ಆ ದನಿಯನ್ನು ಅಣಕಿಸಿ ನಗುತ್ತಾರೆ. ಕಾರ್ಯಕ್ರಮಗಳಲ್ಲಂತೂ ಪಕ್ಕದವರ ಮೊಣಕೈ ತಿವಿದು "ಟೈಮ್ ಎಷ್ಟಾತ್ರಿ?" ಎಂದು ಕೇಳಬೇಕು. ಸಾಕಾಗಿದೆ.

ನನಗೆ ಬೇಕಾದದ್ದು ಸೆಲ್ಲಿಲ್ಲದ, ಒಳಗೆ ಹಲ್ಲುಗಾಲಿ ತಿರುಗುವ, ಚಾವಿಯ ವಾಚು. ತೆಳ್ಳಗಿರಬೇಕು. ಚರ್ಮದ ಬೆಲ್ಟು ಇರಬೇಕು. ರೇಷ್ಮೆ ಸೀರೆ ಉಟ್ಟು ಹಾಡಲು ಕೂತಾಗ ಕಟ್ಟಿಕೊಂಡರೆ 'ಅಂಗವಿಕಲರ ಸಾಮಾನು' ಎನಿಸದೆ ಒಡವೆ ಎನಿಸಬೇಕು. ಟ್ಯೂಷನ್ನಿನಿಂದ ಕೂಡಿಟ್ಟ ಹತ್ತು ಸಾವಿರವಿದೆ, ಅದರೊಳಗೆ ಆಗಬೇಕು. ನವೆಂಬರ್ ಮುಗಿಯುವುದರೊಳಗೆ ಆಗಬೇಕು. ಯಾಕೆಂದು ಕೇಳಬೇಡ.

ಗದಗಿನ ಸಂಗೀತ ಶಾಲೆಯಲ್ಲಿ ನಾನು ಸರಿಗಮ ಒಪ್ಪಿಸುವಾಗ ನೀನು ದೊಡ್ಡವರಿಗೆ ತಬಲಾ ಸಾಥಿ ಕೊಡುತ್ತಿದ್ದೆ. ನಮ್ಮ ಕುರುಡರ ಪೈಕಿ ಕೈಗೆ ವಾಚು ಕಟ್ಟಿದ ಮೊದಲಿಗ ನೀನು. ಆದ್ದರಿಂದ ನೀನೇ ಹೇಳು.

ಮಹೆಕ

•

ಲಕ್ಷ್ಮೇಶ್ವರ
15 ಸೆಪ್ಟೆಂಬರ್ 2024

ತಂಗಿ ಮಹೆಕ,

ನವೆಂಬರ್ ಮುಗಿಯುವುದರೊಳಗೆ ಎಂದರೆ ಮದುವೆ. ಗೊತ್ತಾಯಿತು ಬಿಡು. ಹುಡುಗ ತಬಲಾ ಸಪ್ಪಳಕ್ಕೆ ಓಡಿಹೋಗುವವನಲ್ಲ ತಾನೇ?

ವಾಚಿನ ಬಗ್ಗೆ ನನ್ನ ಮಾತು ಒಂದೇ. ಗಾಜಿನ ಮುಚ್ಚಳ ತೆರೆದು ಮುಳ್ಳು ಮುಟ್ಟಿ ನೋಡುವ ಹಳೆಯ ವಾಚು ಇರುತ್ತದಲ್ಲ, ಕುರುಡರಿಗೆಂದೇ ಮಾಡಿದ್ದು, ಅದರ ಹತ್ತಿರ ಸುಳಿಯಬೇಡ. ನಾನು ಕಟ್ಟಿದ್ದು ಅದನ್ನೇ. ಅದು ವಾಚಲ್ಲ, ಸುಳ್ಳುಬುರುಕ.

ಎಲ್ಲರೂ ಕೊಳ್ಳುವಂಥದ್ದನ್ನೇ ಕೊಳ್ಳು. ಗಾಜಿನದ್ದು, ಹೊಸದು. ಮುಟ್ಟಿ ನೋಡಲು ಬರುವುದಿಲ್ಲ ಎನ್ನುತ್ತೀಯಾ? ಕೇಳು. ಸೋಮೇಶ್ವರ ಗುಡಿಯ ಹತ್ತಿರದ ನನ್ನ ತಬಲಾ ಕ್ಲಾಸಿಗೆ ಮಕ್ಕಳನ್ನು ಬಿಡಲು ಬರುವ ಅಪ್ಪಂದಿರು ದೊಡ್ಡ ದೊಡ್ಡ ವಾಚು ಕಟ್ಟಿರುತ್ತಾರೆ. ಟೈಮು ಕೇಳಿದರೆ ಕಿಸೆಯಿಂದ ಫೋನು ತೆಗೆಯುತ್ತಾರೆ. ಕಿಸೆಯ ಸಪ್ಪಳ ನನಗೆ ಕೇಳುತ್ತದೆ. ಅಂದರೆ ಕಣ್ಣಿದ್ದವರಿಗೂ ಅದು ಬರೀ ಅಲಂಕಾರ. ಅವರು ಚಂದಕ್ಕೆ ಕಟ್ಟಬಹುದು, ನಾವು ಮಾತ್ರ ಉಪಯೋಗದ ಲೆಕ್ಕ ಒಪ್ಪಿಸಬೇಕೆ? ಕುರುಡಿಗೆ ಸುಮ್ಮನೆ ಚಂದದ ವಸ್ತು ಇಟ್ಟುಕೊಳ್ಳುವ ಹಕ್ಕಿಲ್ಲವೆ? ಈ ಭೇದವನ್ನೇ ಮೊದಲು ಒದೆಯಬೇಕು.

ಅಂಗಡಿಯಲ್ಲಿ ನೆನಪಿಟ್ಟುಕೋ. ತಾರೀಖು ತೋರಿಸುವ ಕಿಂಡಿ, ಮೂರು ನಾಲ್ಕು ಗುಂಡಿ ಇದ್ದರೆ ಬೇಡ. ಸೀರೆಯ ಮೇಲೆ ಕಟ್ಟುವ ವಾಚಿಗೆ ಅವು ಹೊರೆ. ನಿನ್ನ ಮಣಿಕಟ್ಟು ಸಣ್ಣದು, ಅಂಚು ಮಣಿಕಟ್ಟಿನ ಆಚೆ ಚಾಚಬಾರದು. ಕಿವಿಗೆ ಹಿಡಿದು ಕೇಳು. ಟಿಕ್ ಟಿಕ್ ಸಮವಾಗಿ ನಡೆಯಬೇಕು, ಒಂದು ಹೆಜ್ಜೆ ಉದ್ದ ಒಂದು ಹೆಜ್ಜೆ ಗಿಡ್ಡ ಆದರೆ ಒಳಗೆ ಏನೋ ಕುಂಟುತ್ತಿದೆ ಎಂದರ್ಥ. ಯಾರ ಮಾತನ್ನೂ ನಂಬಬೇಡ. ನಿನ್ನ ಕಿವಿಯನ್ನು ನಂಬು.

ಮದುವೆಯ ಊಟಕ್ಕೆ ಹೇಳು.

ಭೀಮೇಶ

•

ಬೆಟಗೇರಿ
29 ಸೆಪ್ಟೆಂಬರ್ 2024

ಅಣ್ಣಾ,

ಮದುವೆಯೂ ಇಲ್ಲ, ಮಣ್ಣೂ ಇಲ್ಲ. ನಿನ್ನ ತಲೆ ಊಟದ ಆಚೆ ಓಡುವುದಿಲ್ಲ.

ಭಾನುವಾರ ದಾದಿಮಾಳನ್ನು ಕರೆದುಕೊಂಡು ಗದಗಿನ ದೊಡ್ಡ ವಾಚಂಗಡಿಗೆ ಹೋಗಿದ್ದೆ. ನಮ್ಮಪ್ಪನ ತಾಯಿ ರಸೂಲಬಿಯನ್ನು ನೀನು ಬಲ್ಲೆ, ನಾಲಿಗೆಗೆ ಬ್ರೇಕಿಲ್ಲ. ನಾನು ಕೌಂಟರಿನ ಮುಂದೆ ನಿಂತು "ಚಾವಿ ಕೊಡೂ ವಾಚು ತೋರಿಸ್ರಿ" ಎಂದೆ. ಅಂಗಡಿಯವನು ನನ್ನನ್ನು ದಾಟಿ ಮಾತಾಡಿದ.

"ಏನ್ ಬೇಕಂತಬೇ ಇವ್ರಿಗೆ?"

"ನನ್ನ ಯಾಕ ಕೇಳತಿ? ಆಕಿಗೆ ಬಾಯಿ ಐತಿ. ನಿನಗಿಂತ ಬರೋಬ್ಬರಿ ಐತಿ," ಎಂದಳು ದಾದಿಮಾ.

"ಅಲ್ಲವ್ವಾ, ವಾಚಂದ್ರ ನೋಡೂ ವಸ್ತು. ಇವ್ರಿಗೆ ಮಾತಾಡೂ ವಾಚ್ ಅದಾವಲ್ಲ, ಸಸ್ತಾ. ಇಂಥವ್ರಿಗಂತನ ಮಾಡ್ಯಾರ."

"ನಿಮ್ಮಂಥವ್ರಿಗಂತ ಏನ್ ಮಾಡ್ಯಾರ್ರಿ? ಅದನ್ನ ತೋರಿಸ್ರಿ ಮೊದಲ," ಎಂದೆ.

ಪಕ್ಕದ ಗಿರಾಕಿ ಕಿಸಕ್ಕೆಂದು ನಕ್ಕ. ಆಮೇಲೆ ಟ್ರೇ ಬಂತು.

ಮೊದಲು ಕೊಟ್ಟದ್ದು ಕೈ ಆಡಿಸಿದರೆ ತಾನೇ ಚಾವಿ ತುಂಬಿಕೊಳ್ಳುವ ವಾಚು. ಒಳಗೊಂದು ತೂಕದ ಬಿಲ್ಲೆ ಗರಗರ ತಿರುಗುತ್ತದೆ. ಅದಕ್ಕೇ ದಪ್ಪ, ಅದಕ್ಕೇ ಭಾರ. ನಾನು ಹಾರ್ಮೋನಿಯಂ ಬಾರಿಸುವಾಗ ಅದೂ ಒಳಗೆ ಕುಣಿಯುತ್ತದೆ, ಬೇಡ. ಎರಡು ದಿನ ಪೆಟ್ಟಿಗೆಯಲ್ಲಿಟ್ಟರೆ ನಿಂತುಬಿಡುತ್ತದಂತೆ. ನಿಂತ ವಾಚಿನ ಮುಳ್ಳು ತಿರುಗಿಸಲು ಮತ್ತೆ ಕಣ್ಣಿದ್ದವರನ್ನೇ ಹುಡುಕಬೇಕು. ಎರಡನೆಯದು ಕೈಯಿಂದ ಚಾವಿ ಕೊಡುವುದು. ಆಹಾ! ಬಿಸ್ಕೀಟಿನಷ್ಟು ತೆಳು. ಚಾವಿ ತಿರುಗಿಸಿದರೆ ಹಲ್ಲು ಹಲ್ಲಾಗಿ ಬೆರಳಿಗೆ ಹತ್ತುತ್ತದೆ, ತುಂಬಿದ ಮೇಲೆ ತಾನೇ ಬಿಗಿದು ಸಾಕು ಎನ್ನುತ್ತದೆ. ಕಿವಿಗೆ ಹಿಡಿದೆ. ಹೆಜ್ಜೆ ಸಮ. ಬೆಲೆಯೂ ನನ್ನ ಹಣದೊಳಗೇ ಇತ್ತು. ದಾದಿಮಾ "ಬಂಗಾರದಂಗ ಹೊಳಿತೈತಿ, ತಗೊಂಡುಬಿಡು" ಎಂದಳು.

ಕೊಳ್ಳಲಿಲ್ಲ. ಮೇಲೆ ಬೆರಳಾಡಿಸಿದರೆ ಗಾಜು. ಎಲ್ಲಿ ಮುಟ್ಟಿದರೂ ಗಾಜೇ. ನಿನ್ನ ವಾದ ದೊಡ್ಡದು ಅಣ್ಣಾ, ಆದರೆ ಅರ್ಧ. ಕಣ್ಣಿದ್ದವರ ಒಡವೆ ಅವರ ಕಣ್ಣಿಗಾದರೂ ಸಿಗುತ್ತದೆ. ಗಾಜಿನೊಳಗಿರುವುದು ನನ್ನ ಕೈಯಲ್ಲಿದ್ದರೂ ಬೇರೆಯವರ ಒಡವೆ. ನನ್ನ ಚಂದ ನನ್ನ ಬೆರಳಿಗೆ ಸಿಗಬೇಕು.

ಆದ್ದರಿಂದ ನೀನು ಬೇಡವೆಂದ ಮುಚ್ಚಳದ ವಾಚನ್ನೇ ಹುಡುಕುತ್ತೇನೆ. ನಿನ್ನದನ್ನು ರಿಪೇರಿ ಮಾಡುತ್ತಿದ್ದವರು ಯಾರು?

ಮಹೆಕ

•

ಲಕ್ಷ್ಮೇಶ್ವರ
6 ಅಕ್ಟೋಬರ್ 2024

ಮಹೆಕ,

ಮಾತು ಕೇಳುವವಳಲ್ಲ ನೀನು.

ಬೆಟಗೇರಿಯ ಬಸ್‌ಸ್ಟ್ಯಾಂಡಿನ ಹತ್ತಿರ ರಹಮಾನಸಾಬ ಎಂಬವನ ಡಬ್ಬಿಯಂಗಡಿ ಇದೆ. ಹೋಗು. ಹೋಗಿ ನನ್ನ ಪರವಾಗಿಯೂ ಒಂದಿಷ್ಟು ಬೈದು ಬಾ. ಮೊದಲ ಕಛೇರಿಯ ಸಂಭಾವನೆಯಲ್ಲಿ ಕೊಂಡ ವಾಚು ಅದು. ಒಂದು ದಿನ ಹಿಂದೆ, ಒಂದು ದಿನ ಮುಂದೆ. ಹಿಂದಾದರೆ ಹಿಂದೆ ಎಂದು ಹೊಂದಿಸಿಕೊಳ್ಳಬಹುದು, ಇದಕ್ಕೆ ಲಯವೇ ಇಲ್ಲ. ಶಿರಹಟ್ಟಿಯಲ್ಲಿ ಒಂದು ಮದುವೆಗೆ ಸಾಥಿ ಕೊಡಲು ಹೋದವನು ಇದನ್ನು ನಂಬಿ ಹೊರಟೆ. ನಾನು ಮುಟ್ಟುವಷ್ಟರಲ್ಲಿ ಅಕ್ಕಿಕಾಳು ಬಿದ್ದು, ಊಟವಾಗಿ, ಗಾಯಕರು ಕೈ ತೊಳೆಯುತ್ತಿದ್ದರು. "ಕುರುಡಗ ಟೈಮಿನ ಖಬರ ಎಲ್ಲಿಂದ ಇರತೈತಿ ಬಿಡ್ರಿ" ಎಂದು ಯಾರೋ ಅಂದರು. ಆ ಮಾತು ಇವತ್ತಿಗೂ ಸುಡುತ್ತದೆ. ಮೂರು ಸಲ ರಿಪೇರಿಗೆ ಕೊಟ್ಟೆ. ಮೂರು ಸಲವೂ "ಏನೂ ಆಗಿಲ್ಲರಿ" ಎಂದ. ಕೊನೆಗೆ ಅವನ ಮೇಜಿನ ಮೇಲೆ ಒಗೆದು ಬಂದೆ.

ಇನ್ನು ನಿನಗೆ ಬಿಟ್ಟದ್ದು.

ಭೀಮೇಶ

•

ಬೆಟಗೇರಿ
20 ಅಕ್ಟೋಬರ್ 2024

ಭೀಮೇಶಣ್ಣಾ,

ಕೂತು ಓದು. ನಿಂತು ಓದಿದರೆ ಬೀಳುತ್ತೀ.

ರಹಮಾನಸಾಬರ ಅಂಗಡಿಗೆ ಹೋದೆ. ನಿನ್ನ ಹೆಸರು ಹೇಳಿದ್ದೇ ತಡ, ಅವರ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಮೇಜಿನ ಮೇಲೆ ಬಿತ್ತು.

"ಆ ತಬಲಾ ಮಾಸ್ತರಾ? ಯಾ ಅಲ್ಲಾ! ಮೂರು ಸಲ ಬಿಚ್ಚಿ ತೊಳದು ಎಣ್ಣಿ ಹಾಕೀನಿ ಬೇಟಾ. ನನ್ನ ಕಡೆ ಇದ್ದಾಗ ಬರೋಬ್ಬರಿ ನಡಿತೈತಿ, ಅವನ ಕೈಗೆ ಹ್ವಾದ ಕೂಡ್ಲೆ ಕೆಡತೈತಿ. ವಾಚಿಗೆ ಜಿನ್ನ ಹೊಕ್ಕೈತೇನಂತ ನಾ ತಾಯತಾ ಕಟ್ಟಾಕ ವಿಚಾರ ಮಾಡಿದ್ದೆ!"

"ಮಾರಿಬಿಡಬೇಕಿತ್ತಲ್ರಿ ಚಾಚಾ."

"ಅಂವ ತಿರುಗಿ ಬಂದು ಮತ್ತ ಬೈದ್ರ ಏನ್ ಮಾಡ್ಲಿ? ಅಂಜಿ ಇಟ್ಟೀನಿ."

ಕೈಗೆ ಕೊಟ್ಟರು. ಪಕ್ಕದ ಗುಂಡಿ ಒತ್ತಿದೆ. ಗಾಜಿನ ಮುಚ್ಚಳ ಟಪ್ಪೆಂದು ಎದ್ದಿತು. ಹನ್ನೆರಡರ ಜಾಗದಲ್ಲಿ ಮೂರು ಚುಕ್ಕಿ, ಮೂರು, ಆರು, ಒಂಬತ್ತರಲ್ಲಿ ಎರಡೆರಡು, ಉಳಿದಲ್ಲೆಲ್ಲ ಒಂದೊಂದು. ನಡುವೆ ಎರಡು ಮುಳ್ಳು. ನಾನು ನಕ್ಕೆನಂತೆ, ದಾದಿಮಾ ಹೇಳಿದಳು. ನಮ್ಮ ಅಕ್ಷರದಲ್ಲಿ ಬರೆದ ಮುಖ ಅದು ಅಣ್ಣಾ. ಅಂಗಡಿಯ ಬಂಗಾರದ ವಾಚಿನಲ್ಲಿ ನನಗೆ ಸಿಗದ ಚಂದವೆಲ್ಲ ಇದರಲ್ಲಿ ಸಿಕ್ಕಿತು.

"ಗಂಡಸರ ವಾಚ್ ಐತಲ್ಲ ಬೇಟಿ ಇದು," ಎಂದಳು ದಾದಿಮಾ.

"ಬೆಲ್ಟಿಗೆ ಎರಡು ತೂತ ಹೆಚ್ಚಿಗಿ ಹೊಡದ್ರ ಹೆಂಗಸರದ ಆಗತೈತಿ," ಎಂದರು ರಹಮಾನಸಾಬ.

ಪರೀಕ್ಷೆಗೆಂದು ಮನೆಗೆ ತಂದೆ. ಒಂದು ವಾರದಿಂದ ಬೆಳಗಿನ ರೇಡಿಯೋ ಸುದ್ದಿಯ ಜೊತೆ ತಾಳೆ ಹಾಕುತ್ತಿದ್ದೇನೆ. ಒಂದೆರಡು ನಿಮಿಷದ ಆಚೆ ಈಚೆ ಹೋಗಿಲ್ಲ. ಚಾವಿಯ ವಾಚಿಗೆ ಅದು ಸಹಜವಂತೆ. ಹಾಗಾದರೆ ನಿನ್ನ ಕೈಯಲ್ಲಿ ಯಾಕೆ ಕೆಟ್ಟಿತು? ಉತ್ತರ ನಿನ್ನ ಪತ್ರ ಓದುವಾಗ ಸಿಕ್ಕಿತು. ನೀನು ಒತ್ತಿದ ಬ್ರೈಲಿನಲ್ಲಿ ಚುಕ್ಕಿಗಳಿಲ್ಲ, ತೂತುಗಳಿವೆ. ಕಾಗದ ಹರಿಯುವಂತೆ ಒತ್ತುತ್ತೀ. ವಾಚಿನ ಮುಚ್ಚಳ ತೆಗೆದು ನಿನ್ನಂತೆಯೇ ಬೆರಳೂರಿದೆ. ದೊಡ್ಡ ಮುಳ್ಳು ಸರಕ್ಕನೆ ಹಿಂದೆ ಸರಿಯಿತು!

ನಿನ್ನ ವಾಚು ಎಂದೂ ಸುಳ್ಳು ಹೇಳಿಲ್ಲ ಮಾಸ್ತರ. ಹೊತ್ತು ಕೇಳಿದಾಗಲೆಲ್ಲ ನೀನೇ ಅದರ ಮುಖದ ಮೇಲೆ ತಬಲಾದ ತಿಹಾಯಿ ಬಾರಿಸಿದ್ದೀ.

ಈ ವಾಚೇ ನನಗೆ ಬೇಕು. ಬೆಲೆ ಹೇಳು.

ಮಹೆಕ

•

ಲಕ್ಷ್ಮೇಶ್ವರ
10 ನವೆಂಬರ್ 2024

ಮಹೆಕ,

ಮೂರು ವಾರ ಬರೆಯಲಿಲ್ಲ. ಮೊದಲ ವಾರ ನೀನು ಹೇಳಿದ್ದು ಸುಳ್ಳು ಎಂದುಕೊಂಡೆ. ಎರಡನೆಯ ವಾರ ಒಬ್ಬ ಶಿಷ್ಯನ ಮನೆಯ ಗೋಡೆ ಗಡಿಯಾರ ಇಳಿಸಿ ಮುಳ್ಳು ಮುಟ್ಟಿ ನೋಡಿದೆ. ಮುಳ್ಳು ಕೈಗೇ ಬಂತು. ಮೂರನೆಯ ವಾರ ರಹಮಾನಸಾಬರಿಗೆ ಫೋನು ಮಾಡಿ ತಪ್ಪಾಯಿತು ಎಂದೆ. "ಆತು ಬಿಡ್ರಿ, ಜಿನ್ನ ಅಲ್ಲಲ್ಲ, ಅಷ್ಟ ಸಾಕು" ಎಂದರು.

ವಾಚು ನಿನ್ನದು. ಬೆಲೆಯ ಮಾತು ಎತ್ತಬೇಡ. ಅಣ್ಣನ ಉಡುಗೊರೆ ಎಂದು ಕಟ್ಟಿಕೋ.

ಇನ್ನೊಂದು ಸುದ್ದಿ. ಡಿಸೆಂಬರ್ ಮೂರಕ್ಕೆ ಅಂಗವಿಕಲರ ದಿನ ಎಂದು ಗದಗಿನಲ್ಲಿ ಯಾವುದೋ ಶಿಕ್ಷಣ ಸಂಸ್ಥೆಯವರು ಐವತ್ತು ಜನ ಕುರುಡರಿಗೆ ಮಾತಾಡುವ ವಾಚು ಹಂಚುತ್ತಾರಂತೆ. ಇಲ್ಲಿಗೂ ಹೆಸರು ಬರೆದುಕೊಳ್ಳಲು ಬಂದಿದ್ದರು. "ನಿಮಗೆ ನಮ್ಮ ಕೈ ಬೇಕಾ, ನಮ್ಮ ಫೋಟೋ ಬೇಕಾ?" ಎಂದು ಕೇಳಿ ಅಟ್ಟಿದೆ. ವರ್ಷದಲ್ಲಿ ಒಂದು ದಿನ ನಮ್ಮನ್ನು ಸಾಲಾಗಿ ನಿಲ್ಲಿಸುತ್ತಾರೆ, ಮಣಿಕಟ್ಟು ಹಿಡಿಯುತ್ತಾರೆ, ಕ್ಯಾಮರಾ ಮಿನುಗುತ್ತದೆ. ಉಳಿದ ದಿನ ಕೆಲಸ ಕೇಳಲು ಹೋದರೆ ಬಾಗಿಲೇ ತೆರೆಯುವುದಿಲ್ಲ. ನಿನ್ನ ಹತ್ತಿರ ಬಂದರೆ ಉಗಿದು ಕಳಿಸು. ಆ ವೇದಿಕೆ ಹತ್ತಿದರೆ ನನ್ನ ತಂಗಿಯೇ ಅಲ್ಲ ನೀನು.

ಭೀಮೇಶ

•

ಬೆಟಗೇರಿ
17 ನವೆಂಬರ್ 2024

ಅಣ್ಣಾ,

ಉಡುಗೊರೆ ಬೇಡ. ಆ ಸಂಸ್ಥೆಯವರು ಕೊಟ್ಟರೆ ದಾನ, ನೀನು ಕೊಟ್ಟರೆ ಪ್ರೀತಿ ಎನ್ನುತ್ತೀ. ಇರಬಹುದು. ಆದರೆ ಹುಟ್ಟಿದಾಗಿನಿಂದ ನನ್ನ ಮೈಮೇಲಿರುವುದೆಲ್ಲ ಯಾರೋ ಕೊಟ್ಟದ್ದು. ಒಂದನ್ನಾದರೂ ನಾನು ಆರಿಸಿ, ಹಣ ಎಣಿಸಿ, ಕೊಂಡೆ ಎನ್ನಬೇಕು. ಬೆಲೆ ಹೇಳದಿದ್ದರೆ ವಾಚು ರಹಮಾನಸಾಬರ ಖಾನೆಗೆ ವಾಪಸ್ಸು.

ಮತ್ತೆ ಇಷ್ಟು ದಿನ ನಿನಗೆ ಹೇಳದ ಮಾತು. ಆ 'ಯಾವುದೋ ಶಿಕ್ಷಣ ಸಂಸ್ಥೆ' ನಮ್ಮದೇ. ನನ್ನ ಶಾಲೆಯ ಸಂಸ್ಥೆ. ನಾಲ್ಕು ವರ್ಷದಿಂದ ಅಲ್ಲಿ ನಾನು ತಾತ್ಕಾಲಿಕ ಶಿಕ್ಷಕಿ. ಈ ಡಿಸೆಂಬರಿನಲ್ಲಿ ಕಾಯಂ ಆಗಬೇಕು. ಆಗಸ್ಟಿನಲ್ಲೇ ಹೆಡ್‌ಮಾಸ್ತರ ದ್ಯಾಮಪ್ಪನವರು ಕರೆದು ಹೇಳಿದರು:

"ನೋಡವಾ, ಕಾರ್ಯಕ್ರಮದಾಗ ಪ್ರಾರ್ಥನಾ ನಿಂದ. ಹಾಡಿದ ಮ್ಯಾಲ ಮೊದಲನೇ ವಾಚು ನಿನ್ನ ಕೈಗೆ ಕಟ್ತಾರ ಅಧ್ಯಕ್ಷರು. ನಮ್ಮ ಸಂಸ್ಥಾದಾಗ ದುಡಿಯೂ ಹುಡಿಗಿ ಅಂತ ಪೇಪರಿನ್ಯಾಗ ಫೋಟೋ ಬರತೈತಿ. ನಗಾಡಿ ತಗೋ. ಮರದಿನ ನಿನ್ನ ಆದೇಶಕ್ಕ ಸಹಿ."

"ವಾಚು ಬ್ಯಾಡ ಅಂದ್ರರಿ ಸರ್?"

"ಬ್ಯಾಡ ಅನ್ನಾಕ ನಿನ್ನ ಕಡೆ ಬ್ಯಾರೆ ವಾಚ್ ಐತೇನು?"

ಆ ಮಾತಿಗೇ ನಾನು ವಾಚು ಹುಡುಕಲು ಹೊರಟದ್ದು. ನನ್ನ ಹತ್ತಿರ ಇದೆ ಎಂದು ಹೇಳಲು. ಹೇಳಿದರೆ ಕೆಲಸ ಹೋಗಬಹುದು. ಈಗ ಹೇಳು, ವೇದಿಕೆ ಹತ್ತಿದರೆ ನಿನ್ನ ತಂಗಿಯಲ್ಲವೆ?

ಮಹೆಕ

•

ಲಕ್ಷ್ಮೇಶ್ವರ
24 ನವೆಂಬರ್ 2024

ತಂಗೀ,

ಹತ್ತು. ವೇದಿಕೆ ಹತ್ತು. ಕೈ ಚಾಚು, ನಗು, ಫೋಟೋ ತೆಗೆಸಿಕೋ. ನಾನು ಬರೆದದ್ದನ್ನೆಲ್ಲ ಅಳಿಸಿಬಿಡು.

ಅಂಜುಬುರುಕ ಎನ್ನು. ನನಗೆ ಕ್ಲಾಸಿದೆ, ಮದುವೆಗಳಿವೆ, ನನ್ನನ್ನು ಕೆಲಸದಿಂದ ತೆಗೆಯುವವರು ಯಾರೂ ಇಲ್ಲ. ಅದಕ್ಕೇ ಅಷ್ಟು ದೊಡ್ಡ ಮಾತು ಬಂತು. ಕುರುಡು ಹುಡುಗಿಗೆ ಕಾಯಂ ಕೆಲಸ ಎಂದರೆ ಏನೆಂದು ಗೊತ್ತು ನನಗೆ. ಅದು ಸಿಕ್ಕ ಮೇಲೆ ಬೇಕಾದಷ್ಟು ಹೋರಾಡೋಣ. ಆ ದಿನ ನಿನ್ನ ವಾಚನ್ನು ಚೀಲದೊಳಗಿಡು. ಬರಿಗೈಯಲ್ಲಿ ಹೋಗು.

ಬೆಲೆ ಎರಡು ಸಾವಿರ. ಒಂದು ಪೈಸೆ ಬಿಡುವುದಿಲ್ಲ.

ಭೀಮೇಶ

•

ಬೆಟಗೇರಿ
5 ಡಿಸೆಂಬರ್ 2024

ಅಣ್ಣಾ,

ಎರಡು ಸಾವಿರ ಮನಿಯಾರ್ಡರ್ ಮಾಡಿದ್ದೇನೆ. ಮುಟ್ಟಿದ್ದಕ್ಕೆ ಬರೆ. ಉಳಿದ ಹಣದಲ್ಲಿ ಹೊಸ ಚರ್ಮದ ಬೆಲ್ಟು ಹಾಕಿಸಿದೆ. ಬಣ್ಣ ಕಂದು ಎಂದರು. ನಾನು ಆರಿಸಿದ್ದು ವಾಸನೆಯಿಂದ.

ಕಟ್ಟಿಕೊಂಡೇ ಹೋದೆ.

ಪ್ರಾರ್ಥನೆ ಹಾಡಿದೆ. ಚಪ್ಪಾಳೆ ಬಿತ್ತು. ಅಧ್ಯಕ್ಷರು ಮೈಕಿನ ಹತ್ತಿರ ಕರೆದರು, "ಕೈ ತಾ ತಂಗಿ" ಎಂದು ತಾವೇ ನನ್ನ ಎಡಗೈ ಎಳೆದುಕೊಂಡರು. ಅವರ ಬೆರಳು ನನ್ನ ವಾಚಿಗೆ ತಾಗಿತು.

"ಇಲ್ಲೊಂದು ವಾಚ್ ಐತಲ್ಲ!"

"ಐತಿರಿ."

"ನಿನಗ ಕಾಣಸೂದಿಲ್ಲಲ್ಲವಾ ಇದು."

"ಕಾಣಸೂದಿಲ್ಲರಿ. ಗೊತ್ತಾಗತೈತಿ. ನಿಮ್ಮದನ್ನ ಇಲ್ಲದವ್ರಿಗೆ ಕೊಡ್ರಿ."

ಮೈಕು ಎಲ್ಲವನ್ನೂ ಹಿಡಿಯಿತು. ಹಿಂದೆಲ್ಲೋ ದಾದಿಮಾಳ ಕೆಮ್ಮು ಕೇಳಿತು. ಕೊಟ್ಟಾಗ ತಗೊಂಡರೆ ಏನು ಗಂಟು ಹೋಗತೈತಿ ಎಂದು ವಾರವೆಲ್ಲ ನನ್ನನ್ನು ಕಾಡಿದವಳು, ರಿಕ್ಷಾದಲ್ಲಿ ನನ್ನ ಕೈ ಬಿಡಲೇ ಇಲ್ಲ.

ಮರುದಿನ ಅಧ್ಯಕ್ಷರ ಕೋಣೆಗೆ ಕರೆ ಬಂತು. ದ್ಯಾಮಪ್ಪ ಮಾಸ್ತರ ಪಕ್ಕದಲ್ಲಿ ನಿಂತು ನಿಟ್ಟುಸಿರು ಬಿಡುತ್ತಿದ್ದರು.

"ಎಲ್ಲಾರ ಮುಂದ ನನ್ನ ಮರ್ಯಾದಿ ಕಳದಿ. ಕಾಯಂ ಆಗಬೇಕಂತ ಐತೋ ಇಲ್ಲೋ?"

"ಐತಿರಿ. ಹಾಡು ಕಲಿಸಿದ್ದಕ್ಕ ಮಾಡ್ರಿ. ವಾಚ್ ಕಟಿಗೊಂಡಿದ್ದಕ್ಕ ಮಾಡೂದಾದ್ರ ಆ ಐವತ್ತೂ ಮಂದೀನ ಕಾಯಂ ಮಾಡ್ರಿ. ಅವ್ರೂ ಕಟಿಗೊಂಡಾರ."

"ಹೊರಗ ನಡಿ."

ನಡೆದೆ. ಈ ತಿಂಗಳು ಮುಗಿದರೆ ತಾತ್ಕಾಲಿಕವೂ ಮುಗಿಯಿತು ಎಂದು ಮಾಸ್ತರ ವರಾಂಡದಲ್ಲಿ ಪಿಸುಗುಟ್ಟಿದರು.

ಕಥೆ ಇಲ್ಲಿಗೆ ನಿಂತಿಲ್ಲ. ನಿನ್ನೆ ಸಂಜೆ ಬಿಂಕದಕಟ್ಟಿಯಿಂದ ರೋಜಾ ಎಂಬ ಹುಡುಗಿ ಮನೆಗೆ ಬಂದಳು. ಅವಳೂ ಕುರುಡಿ, ಐವತ್ತರಲ್ಲಿ ಒಬ್ಬಳು. ಶಾಲೆಯ ಸಿಪಾಯಿ ಊರೆಲ್ಲ ಸಾರಿಬಿಟ್ಟಿದ್ದಾನೆ.

"ಅಕ್ಕಾರ, ನಮ್ಮನ್ನೂ ಕಾಯಂ ಮಾಡ್ರಿ ಅಂದ್ರಂತ, ಖರೇನ?"

"ಸಿಟ್ಟಿಗೆ ಅಂದೆವ್ವಾ."

"ಸಿಟ್ಟಿಗೆ ಅಂದ್ರೂ ಮಾತು ಬರೋಬ್ಬರಿ ಐತಿ. ನಾ ಬಿ.ಎಡ್. ಮಾಡೀನಿ. ಮುಂಡರಗಿಯ ಒಬ್ಬಾಂವ ಕಂಪ್ಯೂಟರ್ ಕಲತಾನ. ಅಂತೂರ ಬೆಂತೂರದಾಗ ಇಬ್ರು ಅದಾರ. ವಾಚ್ ಕೊಡಾಕ ನಮ್ಮ ವಿಳಾಸ ಅವ್ರಿಗೆ ಸಿಕ್ಕಿತ್ತಲ್ಲ, ಅರ್ಜಿ ಕೊಡಾಕ ಅವ್ರ ವಿಳಾಸ ನಮಗ ಗೊತ್ತಿಲ್ಲೇನು?"

ಸೋಮವಾರ ಎಲ್ಲರೂ ಸಂಸ್ಥೆಯ ಆಫೀಸಿಗೆ ಹೋಗುತ್ತೇವೆ.

ಮಹೆಕ

•

ಲಕ್ಷ್ಮೇಶ್ವರ
8 ಡಿಸೆಂಬರ್ 2024

ಮಹೆಕ,

ಹೋಯಿತಲ್ಲ ಕೆಲಸ. ನಾನೇ ನಿನ್ನ ತಲೆಗೆ ಬೆಂಕಿ ಹಚ್ಚಿದೆ.

ಆದದ್ದಾಯಿತು. ಜನವರಿಯಿಂದ ಲಕ್ಷ್ಮೇಶ್ವರಕ್ಕೆ ಬಾ. ನನ್ನ ಕ್ಲಾಸಿನ ಹೊರಗಿನ ಕೋಣೆ ಕೊಡುತ್ತೇನೆ, ಹಾಡಿನ ಕ್ಲಾಸು ಶುರು ಮಾಡು. ದಾದಿಮಾಳನ್ನೂ ಕರೆದುಕೊಂಡು ಬಾ. ಆ ಹುಡುಗಿಯ ಮಾತು ಕೇಳಿ ಸೋಮವಾರ ಎಲ್ಲಿಗೂ ಹೋಗಬೇಡ. ಬಾಗಿಲ ಹೊರಗೆ ನಿಲ್ಲಿಸಿ ಕಳಿಸುತ್ತಾರೆ, ಆ ಅವಮಾನ ಬೇಡ ನಿನಗೆ.

ಹಣ ಮುಟ್ಟಿತು.

ಭೀಮೇಶ

•

ಬೆಟಗೇರಿ
11 ಡಿಸೆಂಬರ್ 2024

ಭೀಮೇಶಣ್ಣಾ,

ನಿನ್ನ ಪತ್ರ ಇವತ್ತು ಬಂತು. ಸೋಮವಾರ ಮುಗಿದ ಮೇಲೆ ಬಂದದ್ದು ಒಳ್ಳೆಯದಾಯಿತು.

ನೀನು ಹೇಳಿದ್ದು ನಿಜ, ಬಾಗಿಲ ಹೊರಗೇ ನಿಂತೆವು. ರೋಜಾ ಫೋನು ಮಾಡಿ ಕರೆದದ್ದಕ್ಕೆ ಐವತ್ತರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಬಂದಿದ್ದರು. ಯಾರೋ ಅಪ್ಪನ ಸೈಕಲ್ ಹಿಂದೆ, ಯಾರೋ ಬಸ್ಸಿನಲ್ಲಿ ಒಬ್ಬರೇ. ಆಫೀಸು ಹತ್ತಕ್ಕೆ ತೆರೆಯುತ್ತದೆ ಎಂದು ಫಲಕವಿದೆಯಂತೆ. ನಾನು ಮುಚ್ಚಳ ತೆರೆದು ಮುಟ್ಟಿ ನೋಡಿದೆ. ದೊಡ್ಡ ಮುಳ್ಳು ಹನ್ನೆರಡರ ಮೂರು ಚುಕ್ಕಿಯ ಹತ್ತಿರ ಬಂದಿತ್ತು. ಬಾಗಿಲಿಗೆ ಬೀಗ.

ಆ ಮಾತಾಡುವ ವಾಚುಗಳಲ್ಲಿ ಗಂಟೆಗೊಮ್ಮೆ ತಾನಾಗಿ ಹೊತ್ತು ಸಾರುವ ಗುಂಡಿಯೊಂದಿದೆ. ರೋಜಾ ಸಾಲಿನುದ್ದಕ್ಕೂ ನಡೆದು ಎಲ್ಲರದನ್ನೂ ಒತ್ತಿಸಿದ್ದಳು. ಹತ್ತಾಯಿತು ನೋಡು! ಒಂದು ಶುರು ಮಾಡಿತು, ಅದರ ಹಿಂದೆ ಇನ್ನೊಂದು, ಆಮೇಲೆ ಎಲ್ಲವೂ. ಒಂದೇ ಹೆಂಗಸು ಮೂವತ್ತು ಗಂಟಲಿನಿಂದ ಇಂಗ್ಲಿಷಿನಲ್ಲಿ ಹತ್ತು ಹತ್ತು ಹತ್ತು ಎಂದು ಒದರಿದ ಹಾಗೆ. ಎದುರಿನ ಚಹಾದಂಗಡಿಯವರೆಲ್ಲ ಹೊರಗೆ ಬಂದರು. ದಾದಿಮಾ ಕಟ್ಟೆಯ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಳು. ಗುಮಾಸ್ತ ಓಡಿ ಬಂದು ಬೀಗ ತೆಗೆದ.

ಹನ್ನೊಂದಕ್ಕೆ ಅಧ್ಯಕ್ಷರ ಕಾರು ಬಂತು. ವಾಚುಗಳು ಮತ್ತೆ ಬಾಯಿ ತೆರೆದವು.

"ಏನಿದು ಗದ್ದಲ? ಬಂದ್ ಮಾಡ್ರಿ!"

"ಗದ್ದಲ ನಮ್ದಲ್ಲರಿ," ಎಂದೆ. "ನೀವು ಕೊಟ್ಟದ್ದು ಮಾತಾಡಾಕ ಹತ್ತೈತಿ."

ಚಹಾದಂಗಡಿ ಗೊಳ್ಳೆಂದಿತು. ಯಾರೋ ಫೋನಿನಲ್ಲಿ ಚಿತ್ರ ತೆಗೆಯುತ್ತಿದ್ದರಂತೆ. ಅಧ್ಯಕ್ಷರು ನನ್ನನ್ನು ಮಾತ್ರ ಒಳಗೆ ಕರೆದು ದನಿ ತಗ್ಗಿಸಿದರು.

"ನೋಡು, ನಿನ್ನ ಆದೇಶಕ್ಕ ಈಗ ಸಹಿ ಹಾಕತೀನಿ. ಇವ್ರನ್ನ ಕರಕೊಂಡು ಹೋಗು."

"ಸಹಿ ಹಾಕ್ರಿ. ಅದು ನಾ ನಾಲ್ಕು ವರ್ಷ ದುಡದದ್ದು. ಇವ್ರು ನಾ ಕರಕೊಂಡು ಬಂದವ್ರಲ್ಲರಿ. ತಮ್ಮ ತಮ್ಮ ಅರ್ಜಿ ಹಿಡಕೊಂಡು ಬಂದಾರ."

ಅಧ್ಯಕ್ಷರು ಖಾನೆ ಎಳೆದು ಕಾಗದ ತೆಗೆದ ಸಪ್ಪಳವಾಯಿತು. ಆಮೇಲೆ ಕಾಗದದ ಮೇಲೆ ಪೆನ್ನು ಓಡಿತು. ಅಲ್ಲೇ ಇದ್ದ ದ್ಯಾಮಪ್ಪ ಮಾಸ್ತರಿಂದ ಆದೇಶವನ್ನು ಗಟ್ಟಿಯಾಗಿ ಓದಿಸಿದೆ. ಒಂದು ಸಲ ಸಾಲದೆಂದು ಇನ್ನೊಂದು ಸಲ. ಕಾಯಂ ಎಂಬ ಪದವನ್ನು ಮಾಸ್ತರ ಬಿಡಿಸಿ ಬಿಡಿಸಿ ಓದಿದರು. ಕೆಟ್ಟವರಲ್ಲ ಅವರು, ಅಂಜಿದವರು.

ಮಡಚಿ ಚೀಲದಲ್ಲಿಟ್ಟೆ. ಮನೆಗೆ ಹೋಗಲಿಲ್ಲ. ಹೊರಗೆ ಬಂದು ಮೆಟ್ಟಿಲ ಮೇಲೆ ರೋಜಾಳ ಪಕ್ಕ ಕೂತೆ. ಒಬ್ಬೊಬ್ಬರನ್ನೇ ಒಳಗೆ ಕರೆದು, ಅರ್ಜಿ ತೆಗೆದುಕೊಂಡು, ಪ್ರತಿಯ ಮೇಲೆ ಸೀಲು ಹೊಡೆದು ಕೊಡಬೇಕೆಂದು ಹಟ ಹಿಡಿದೆವು. ಹೊಡೆದು ಕೊಟ್ಟರು. ಸಂಸ್ಥೆಯ ಶಾಲೆಗಳಲ್ಲಿ ಮೂರು ಜಾಗ ಖಾಲಿ ಇವೆ ಎಂಬ ಮಾತು ಗುಮಾಸ್ತನ ಬಾಯಿಂದ ಜಾರಿತು. ಜಾರಿದ ಮಾತನ್ನು ಬರೆದು ಕೊಡಿ ಎಂದು ಕೂತೆವು. ಜನವರಿಯಲ್ಲಿ ಸಂದರ್ಶನ, ಈ ಅರ್ಜಿದಾರರನ್ನೂ ಕರೆಯಲಾಗುವುದು ಎಂದು ಬರೆದು ಕೊಟ್ಟಿದ್ದಾರೆ. ಕರೆಯದಿದ್ದರೆ ಆ ಮೆಟ್ಟಿಲು ನಮಗೆ ಪರಿಚಯವಾಗಿದೆ.

ಲಕ್ಷ್ಮೇಶ್ವರಕ್ಕೆ ಬರುತ್ತೇನೆ, ಹಾಡಲು. ಕೋಣೆ ನೀನೇ ಇಟ್ಟುಕೋ.

ಸಂಜೆ ಏಳಬೇಕೆಂದಾಗ ಕಾಲು ಜೋಮು ಹಿಡಿದಿತ್ತು. ರೋಜಾ ತಡವಿ "ಕೈ ತಾರ್ರಿ ಅಕ್ಕಾರ" ಎಂದಳು. ಕೊಟ್ಟೆ. ಇಬ್ಬರೂ ಒಟ್ಟಿಗೇ ಎದ್ದೆವು.

ಮಹೆಕ